ಗಾಲಿ ಕೆಳಗಿನ ಕೆಂಪು ಚಪ್ಪಲಿ

ಕಿವಿ ಕೊಡಿ, ಕತೆ ಕೊಡ್ತೀನಿ.

ಒಂದು ಜೀಪು. ಜೀಪು ಓಡಿಸೋಳು ಅವ್ವ. ಹಿಂದೆ ಅಜ್ಜಿ. ಅಜ್ಜಿ ತೊಡೆ ಮೇಲೆ ಕೂಸು ಸಂಗು. ಪಕ್ಕದಲ್ಲಿ ಅಕ್ಕ ದಾನು. ದಾನು ಕಾಲಲ್ಲಿ ಹೊಸ ಕೆಂಪು ಚಪ್ಪಲಿ.

ಅವ್ವನಿಗೆ ಡಾಂಬರು ರಸ್ತೆ ಅಂದರೆ ಆಗದು. ಕಲ್ಲು ಬೇಕು, ತಗ್ಗು ಬೇಕು, ಹಳ್ಳ ಬೇಕು. ಜೀಪು ಗಡಗಡ. ಅಜ್ಜಿ ಗಡಗಡ. ದಾನು ಗಡಗಡ. ಸಂಗುಗೆ ಮಾತ್ರ ಗಾಢ ನಿದ್ದೆ.

ಹಳ್ಳ ಬಂತು. ಹಳ್ಳದ ತುಂಬ ಕರಿ ಕೆಸರು. ದಡಕ್! ದಾನುವಿನ ಒಂದು ಚಪ್ಪಲಿ ಹೊರಗೆ ಹಾರಿತು.

"ಅವ್ವಾ, ನನ್ನ ಚಪ್ಪಲ್!"

ಕೆಸರಲ್ಲಿ ಜೀಪು ನಿಲ್ಲಿಸಬಾರದು. ಅವ್ವನಿಗೆ ಗೊತ್ತು. ಆದರೂ ನಿಲ್ಲಿಸಿದಳು. ಜೀಪು ಹಿಂದಕ್ಕೆ ತಂದಳು. ಗಾಲಿ ಚಪ್ಪಲಿಯ ಮೇಲೇ ಕೂತಿತು. ಕೂತದ್ದು ಹೂತಿತು. ಜೀಪು ನಿಂತಿತು, ಸಂಗು ಎದ್ದ. ವ್ಯಾ!

ಅಜ್ಜಿ ಸಂಗುನ ಎತ್ತಿಕೊಂಡು ದಡಕ್ಕೆ ಹೋದಳು. ಅವ್ವ ಸೊಂಟದ ಮೇಲೆ ಕೈ ಇಟ್ಟಳು. "ಆತು, ಹೂತು ಹೋತು" ಅಂದಳು. ಅಷ್ಟೇ.

ದಾನು ಕೆಳಗಿಳಿದಳು, ಅಳು ಬಂತು. ನೆಲದ ತುಂಬ ಜಾಲಿಮುಳ್ಳು. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು.

"ಗಾಲಿ, ಗಾಲಿ, ಚಪ್ಪಲ್ ಬಿಡು."

"ನಾ ಒಲ್ಲೆ. ಹಗ್ಗ ಎಳೀಲಿ, ಬಿಡ್ತೀನಿ."

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು. ದಾನು ಕುಂಟುತ್ತಾ ಕುಂಟುತ್ತಾ ಹಗ್ಗದ ಹತ್ತಿರ ಹೋದಳು. ಹಗ್ಗ ಜೀಪಿನ ಮೂತಿಯ ರಾಟೆಗೆ ಸುತ್ತಿಕೊಂಡಿತ್ತು.

"ಹಗ್ಗ, ಹಗ್ಗ, ಗಾಲಿ ಎಳಿ. ಗಾಲಿ ಚಪ್ಪಲ್ ಬಿಡವಲ್ದು!"

"ನಾ ಒಲ್ಲೆ. ಮರ ನನ್ನ ಹಿಡೀಲಿ, ಎಳೀತೀನಿ."

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು. ದಾನು ಕುಂಟುತ್ತಾ ಕುಂಟುತ್ತಾ ಬೇವಿನ ಮರದ ಹತ್ತಿರ ಹೋದಳು.

"ಮರ, ಮರ, ಹಗ್ಗ ಹಿಡಿ. ಹಗ್ಗ ಗಾಲಿ ಎಳೀವಲ್ದು, ಗಾಲಿ ಚಪ್ಪಲ್ ಬಿಡವಲ್ದು!"

"ನಾ ಒಲ್ಲೆ. ಎತ್ತಿಗೆ ಜ್ವರ ಬಂದರ ಎಮ್ಮಿಗೆ ಬರಿ ಹಾಕಿದರಂತ! ನಿಮ್ಮ ಗಾಲಿ ಹೂತರ ನನ್ನ ತೊಗಟಿ ಯಾಕ ಸುಲೀಬೇಕು? ಮೊದಲ ಗೋಣಿಚೀಲ ಹೊದಿಸು, ಆಮ್ಯಾಲ ಹಿಡೀತೀನಿ."

ಮರದ ನೆರಳಲ್ಲಿ ಒಂದು ಹಳೇ ಗೋಣಿಚೀಲ. ಚೀಲದ ಮೇಲೆ ಕುರಿ ಕಾಯೋ ನಾಯಿ.

"ನಾಯಿ, ನಾಯಿ, ಚೀಲ ಕೊಡು. ಮರ ಹಗ್ಗ ಹಿಡೀವಲ್ದು, ಹಗ್ಗ ಗಾಲಿ ಎಳೀವಲ್ದು, ಗಾಲಿ ಚಪ್ಪಲ್ ಬಿಡವಲ್ದು!"

ನಾಯಿ ಒಂದೇ ಕಣ್ಣು ತೆರೆಯಿತು. "ನಾ ಒಲ್ಲೆ. ರೊಟ್ಟಿ ಹಾಕು, ಕೊಡ್ತೀನಿ."

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು. ದಾನು ಕುಂಟುತ್ತಾ ಕುಂಟುತ್ತಾ ಅಜ್ಜಿಯ ಹತ್ತಿರ ಹೋದಳು.

"ಅಜ್ಜಿ, ಅಜ್ಜಿ, ರೊಟ್ಟಿ ಕೊಡು. ನಾಯಿ ಚೀಲ ಕೊಡವಲ್ದು, ಮರ ಹಗ್ಗ ಹಿಡೀವಲ್ದು, ಹಗ್ಗ ಗಾಲಿ ಎಳೀವಲ್ದು, ಗಾಲಿ ಚಪ್ಪಲ್ ಬಿಡವಲ್ದು!"

"ಹೆಂಗ ಕೊಡ್ಲಿ ನನ್ನವ್ವಾ? ಇವ ನನ್ನ ಕೊರಳಿಗೆ ಜೋತುಬಿದ್ದಾನ. ಬುತ್ತಿ ಗಂಟು ಭಾಳ ಬಿಗಿ ಐತಿ. ಸಂಗು ಮಲಗ್ಲಿ, ಕೊಡ್ತೀನಿ."

"ಸಂಗು, ಸಂಗು, ಮಲಗು. ಅಜ್ಜಿ ರೊಟ್ಟಿ ಕೊಡವಲ್ಲಳು, ನಾಯಿ ಚೀಲ ಕೊಡವಲ್ದು, ಮರ ಹಗ್ಗ ಹಿಡೀವಲ್ದು, ಹಗ್ಗ ಗಾಲಿ ಎಳೀವಲ್ದು, ಗಾಲಿ ಚಪ್ಪಲ್ ಬಿಡವಲ್ದು!"

ಸಂಗುಗೆ ಬರೋದು ಒಂದೇ ಮಾತು. "ಗಡಗಡ!"

"ಜೀಪು ಕುಲುಕಿದರ ಮಲಗ್ತಾನ" ಅಂದಳು ಅಜ್ಜಿ. "ನಿಂತರ ಏಳ್ತಾನ."

ಜೀಪು ಎಲ್ಲಿ ಕುಲುಕಬೇಕು? ಅದು ಕೆಸರಲ್ಲಿದೆ.

ದಾನು ಜೀಪು ನೋಡಿದಳು. ಸಂಗುನ ನೋಡಿದಳು. ನೆಲಕ್ಕೆ ಕೂತಳು. ಸಂಗುನ ತೊಡೆ ಮೇಲೆ ಹಾಕಿಕೊಂಡಳು.

"ನಾನೇ ಜೀಪು" ಅಂದಳು. "ಕಲ್ಲು ಬಂತು, ದಡಕ್! ತಗ್ಗು ಬಂತು, ದಡಕ್! ಹಳ್ಳ ಬಂತು, ಗಡಗಡ ಗಡಗಡ ಗಡಗಡ."

ಮಂಡಿ ಮೇಲೆ, ಮಂಡಿ ಕೆಳಗೆ. ದಾನು ಕಾಲು ನೋಯಿತು. ನಿಲ್ಲಿಸಲಿಲ್ಲ. ಗಡಗಡ ಗಡಗಡ. ಸಂಗು ಆಕಳಿಸಿದ. ಗಡಗಡ ಗಡಗಡ. ಸಂಗು ಕಣ್ಣು ಮುಚ್ಚಿದ.

ಸಂಗು ಮಲಗಿದ, ಅಜ್ಜಿ ರೊಟ್ಟಿ ಕೊಟ್ಟಳು. ನಾಯಿ ರೊಟ್ಟಿ ತಿಂದಿತು, ಚೀಲ ಕೊಟ್ಟಿತು. ಮರ ಚೀಲ ಹೊದ್ದಿತು, ಹಗ್ಗ ಹಿಡಿಯಿತು. ರಾಟೆ ತಿರುಗಿತು, ಹಗ್ಗ ಗಾಲಿ ಎಳೆಯಿತು. ಗಾಲಿ ಪಚಕ್ ಅಂತ ಮೇಲೆದ್ದಿತು, ಚಪ್ಪಲಿ ಬಿಟ್ಟಿತು!

ಚಪ್ಪಲಿ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಬಣ್ಣ ಪೂರಾ ಕೆಸರು. ಆದರೇನು, ಕಾಲಿಗೆ ಬಂತು. ದಾನು ಕುಣಿದಳು. ಈ ಕಾಲಿಗೂ ಚಪ್ಪಲಿ, ಆ ಕಾಲಿಗೂ ಚಪ್ಪಲಿ.

ಎಲ್ಲರೂ ಜೀಪು ಹತ್ತಿದರು. ಅವ್ವ ತಿರುಗಿ ನೋಡಿದಳು.

"ದಾನೂ, ಮುಂದ ಇನ್ನೊಂದು ಹಳ್ಳ ಐತಿ. ದಾಟೂಣೇನು?"

ದಾನು ಈ ಕಾಲಿನ ಚಪ್ಪಲಿ ಬಿಚ್ಚಿದಳು. ಆ ಕಾಲಿನ ಚಪ್ಪಲಿ ಬಿಚ್ಚಿದಳು. ಎರಡನ್ನೂ ಸೀಟಿನ ಮೇಲಿಟ್ಟು, ಅವುಗಳ ಮೇಲೆ ಭದ್ರವಾಗಿ ಕೂತಳು.

"ಹೂಂ, ದಾಟು ಅವ್ವಾ."