ಕೇರಿಯವರ ನಾಡಿ

"ಗುರುಗಳೇ, ನಮ್ಮ ಬೀದಿಯವರು ಎಂಬತ್ತು ದಾಟಿದರೂ ಗಟ್ಟಿಯಾಗಿರುತ್ತಾರೆ. ಕೆಳಗಿನ ಕೇರಿಯವರು ಐವತ್ತಕ್ಕೆಲ್ಲ ಎದೆ ಹಿಡಿದುಕೊಂಡು ಹೋಗಿಬಿಡುತ್ತಾರೆ. ಅವರ ರಕ್ತದಲ್ಲೇ ಏನಾದರೂ ದೋಷವಿದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋಗಿ ಬಂದರು. "ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಂದು ಕತೆ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ನಾಡಿ ಹಿಡಿದೇ ರೋಗ ಹೇಳುವವನು. ಕೆಟ್ಟವನೇನಲ್ಲ, ಮದ್ದಿಗೆಂದು ಯಾರ ಹತ್ತಿರವೂ ಕಾಸು ಕೇಳಿದವನಲ್ಲ. ಆದರೆ ಕೇರಿಯವರನ್ನು ಮುಟ್ಟುತ್ತಿರಲಿಲ್ಲ. ಅವರು ಚಪ್ಪಲಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಮೇಲಿನ ಬೀದಿ ದಾಟಿ ಬರಬೇಕು. ಉಳಿದವರೆಲ್ಲ ಹೋಗುವ ತನಕ ಅಂಗಳದ ಬಿಸಿಲಲ್ಲಿ ನಿಲ್ಲಬೇಕು. ಆಮೇಲೆ ಮಣಿಕಟ್ಟಿಗೆ ಒಂದು ದಾರ ಕಟ್ಟಿಕೊಳ್ಳಬೇಕು. ವೈದ್ಯ ಜಗಲಿಯ ಮೇಲೆ ಕೂತು ದಾರದ ಇನ್ನೊಂದು ತುದಿ ಹಿಡಿದು ನಾಡಿ ನೋಡುತ್ತಿದ್ದ. ನೋಡು, ಅದಕ್ಕೂ ಒಂದು ವಿದ್ಯೆ ಬೇಕು! ಆ ದಾರದಲ್ಲಿ ಬಂದ ನಾಡಿಯೆಲ್ಲ ಓಡುವ ನಾಡಿಯೇ. ಹತ್ತು ವರ್ಷ ನೋಡಿ ಅವನು ತೀರ್ಮಾನಿಸಿದ: ಇವರ ನಾಡಿ ಹುಟ್ಟಿನಿಂದಲೇ ಹೀಗೆ, ಇದಕ್ಕೆ ಮದ್ದು ಬೇಡ. ಊರೂ ಹಾಗೆಯೇ ನಂಬಿತು.

ಒಂದು ದಿನ ಕೇರಿಯ ತಾಯಿಯೊಬ್ಬಳು ಬಸುರಿ ಮಗಳನ್ನು ಕರೆತಂದಳು. ಹುಡುಗಿಯ ಕಾಲು, ಮುಖ ಬಾತಿದ್ದವು. ಕಣ್ಣು ಮಂಜಾಗಿತ್ತು. ವೈದ್ಯ ದಾರ ಹಿಡಿದ.

"ನಿಮ್ಮವರ ನಾಡಿ ಇರುವುದೇ ಹೀಗೆ. ಕರೆದುಕೊಂಡು ಹೋಗು," ಎಂದ.

"ನಾಡಿ ಬೇಡ ಬುದ್ಧಿ, ಮಗಳ ಮುಖ ಒಂದು ಸಲ ನೋಡಿ," ಎಂದಳು ತಾಯಿ.

ಅಷ್ಟು ಹೊತ್ತಿಗೆ ಅವನು ದಾರ ಸುತ್ತಿಡುತ್ತಿದ್ದ. ಒಂಬತ್ತನೆಯ ದಿನ ಹುಡುಗಿ ಸತ್ತಳು. ಹೊಟ್ಟೆಯ ಕೂಸೂ ಉಳಿಯಲಿಲ್ಲ. ಸುದ್ದಿ ತಿಳಿದು ವೈದ್ಯನಿಗೆ ನಿಜವಾಗಿಯೂ ಬೇಸರವಾಯಿತು. ಪಾಪ, ಹುಟ್ಟಿನ ದೋಷ ಎಂದುಕೊಂಡ.

ಕೆಲವು ತಿಂಗಳಾದ ಮೇಲೆ ಅವನು ಬೇರು ಕೀಳಲು ಕೆರೆಯ ಅಂಚಿಗೆ ಹೋಗಿ, ಕೆಸರಿನಲ್ಲಿ ಸೊಂಟದ ತನಕ ಹೂತುಹೋದ. ಮುಖವೆಲ್ಲ ಕೆಸರು ಮೆತ್ತಿ ಕಣ್ಣು ಬಿಡಲಾಗಲಿಲ್ಲ. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕೈ ಕೊಟ್ಟು ಎಳೆದು ದಡಕ್ಕೆ ಹಾಕಿದಳು. ಇಬ್ಬರೂ ಕೂತು ಉಸಿರು ತಿರುಗಿಸಿಕೊಂಡರು. ಹೆದರಿಕೆಗೆ ಅವನು ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅಭ್ಯಾಸಬಲದಿಂದ ಅವನ ಬೆರಳು ಅವಳ ನಾಡಿಯ ಮೇಲೆ ಕೂತಿತ್ತು. ಮಜ್ಜಿಗೆ ಕಡೆಯುವ ಕೈಯ ಹಾಗೆ ಒಂದೇ ಸಮನೆ ನಡೆಯುವ ನಾಡಿ. ಎಂಥ ಆರೋಗ್ಯವಂತೆ, ಯಾವ ದೊಡ್ಡ ಮನೆಯವಳೋ ಎಂದುಕೊಳ್ಳುತ್ತ ಅವನು ಇನ್ನೊಂದು ಕೈಯಿಂದ ಮುಖದ ಕೆಸರು ಒರೆಸಿಕೊಂಡ.

ಅವಳು ಆ ಮುಖ ನೋಡಿದಳು. ಸತ್ತ ಹುಡುಗಿಯ ತಾಯಿ ಅವಳು. ವೈದ್ಯನ ಬೆರಳ ಕೆಳಗೇ ನಾಡಿ ಓಡತೊಡಗಿತು. ಹತ್ತು ವರ್ಷ ದಾರದಲ್ಲಿ ನೋಡಿದ್ದ ಅದೇ ಓಟ.

"ಕೈ ಬಿಡಿ ಬುದ್ಧಿ, ಮುಟ್ಟಿದ ತಪ್ಪು ನನ್ನ ತಲೆಗೇ ಬರುತ್ತದೆ," ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ ಆ ವೈದ್ಯ ಏನು ಮಾಡಿದ?" ಎಂದು ಕೇಳಿದ.

"ಅವನ ಮಾತು ಬಿಡು, ನೀನು ಬೀದಿಗೆ ಇಳಿದಾಗ ಯಾರ ನಾಡಿ ಓಡುತ್ತದೆ, ಅದನ್ನು ಹೇಳು," ಎಂದರು ಗುರುಗಳು.