ಎಮ್ಮೆ ಕೇಳಿದ ಪರದೆ

ಸೊಳ್ಳೆ ಕಚ್ಚಿ ಕೆರೆಬದಿಯ ಪ್ರಾಣಿಗಳಿಗೆಲ್ಲ ಚಳಿಜ್ವರ ಬಂತು. ಅವುಗಳ ನಡುಕಕ್ಕೆ ಕೆರೆ ನೀರೇ ಕಡೆದಂಗಾಗಿ ಬೆಣ್ಣೆ ತೇಲ್ತು, ಬೇಕಾದ್ರೆ ಕಪ್ಪೆನ ಕೇಳಿ. ಮರುಗಿದ ಆನೆಗಳು ಸೊಳ್ಳೆ ಪರದೆಗೆ ಅಂತ ದುಡ್ಡು ಕಳಿಸಿದ್ವು. ಜ್ವರದ ಕರುನ ಮಲಗಿಸಿ, ಸೋತ ಎಮ್ಮೆ ಕಾಲೆಳ್ಕೊಂಡು ಆ ದುಡ್ಡು ಇಸ್ಕೊಂಡಿದ್ದ ಕೆರೆ ಸಂಘದ ಅಧ್ಯಕ್ಷ ನರಿ ಹತ್ರ ಹೋಯ್ತು.

"ನರಿಯಪ್ಪನೋರೆ, ಪರದೆ ಬಂತಾ?"

"ಬಂತಲ್ಲಮ್ಮಾ! ಕೆಂಪು ಮಖಮಲ್ಲು, ಜರಿ ಅಂಚು. ವೇದಿಕೆಗೆ ಕಟ್ಟಿದೀವಿ ನೋಡು. ಉದ್ಘಾಟನೆ ಇಲ್ದೆ ಯಾವ ಕೆಲಸ ಶುರುವಾಗುತ್ತೆ?"

"ನನ್ನ ಕರು ಕಣ್ಣೇ ಬಿಡ್ತಿಲ್ಲ ಸ್ವಾಮಿ."

"ಗೊತ್ತು, ಅದಕ್ಕೇ ಮೌನಾಚರಣೆನೂ ಇಟ್ಕೊಂಡಿದೀವಿ."

ಜಗಳ ಆಡೋಕೂ ಎಮ್ಮೆಗೆ ತ್ರಾಣ ಇರ್ಲಿಲ್ಲ. ಕೊಂಬಿಗೆ ಸಿಕ್ಕಿಸಿ ಪರದೆ ಎಳೀತು. ಒಳಗೆ ಮುಖ್ಯ ಅತಿಥಿ ಕುರ್ಚಿಲಿ ಶಾಲು ಹೊದ್ದು ಸೊಳ್ಳೆ ಕೂತಿತ್ತು.

"ಓಹೋ, ಸೊಳ್ಳೆ ಪರದೆ ಅಂದ್ರೆ ಸೊಳ್ಳೆಗೆ ಕಟ್ಟೋ ಪರದೆನಾ" ಅಂತ ನಿಟ್ಟುಸಿರು ಬಿಟ್ಟು, ಎಮ್ಮೆ ಆ ಮಖಮಲ್ಲನ್ನೇ ಕರುಗೆ ಹೊದಿಸೋಕೆ ಎಳ್ಕೊಂಡು ಹೋಯ್ತು.