ಮೂರನೇ ಗೇರು

ಹರಿಹರದ ಸೇತುವೆಯಿಂದ ಕೂಗಳತೆ ದೂರ, ತುಂಗಭದ್ರೆಯ ದಂಡೆಯ ಮೇಲೆ ಬುಡೇನ್ ಸಾಬರ ಶೆಡ್ಡು. ಗೇರ್‌ಬಾಕ್ಸ್ ಬಿಟ್ಟು ಬೇರೆ ಕೆಲಸ ಮುಟ್ಟುವ ಆಸಾಮಿಯಲ್ಲ ಅವರು.

ಅವರ ಶಿಷ್ಯ ಕೊಟ್ರೇಶಿ. ಒಂಬತ್ತು ವರ್ಷದಿಂದ ಅಲ್ಲೇ ಗ್ರೀಸು ಮೆತ್ತಿಕೊಂಡವನು. ವಯಸ್ಸು ಮೂವತ್ತು ದಾಟಿತ್ತು. ತನ್ನದೇ ಒಂದು ಶೆಡ್ಡು ಹಾಕಬೇಕು ಅನ್ನೋ ಆಸೆ ಅವನನ್ನು ಸುಮ್ಮನೆ ಕೂರಗೊಡುತ್ತಿರಲಿಲ್ಲ.

ಉಸ್ತಾದರು ಒಂದೇ ಮಾತು ಹೇಳಿದ್ದರು. "ನೀನು ರಿಪೇರಿ ಮಾಡಿ ಮುಚ್ಚಿದ ಗೇರು ಪೆಟ್ಟಿಗೆ ಒಂದು ವರ್ಷ ವಾಪಸ್ ಬರಬಾರದು. ಆಮೇಲೆ ಹೋಗು."

ವಕೀಲ ಪಂಪಾಪತಿಯವರ ಕಾರಿನ ಪೆಟ್ಟಿಗೆ ಮೂರನೇ ಸಲ ವಾಪಸ್ ಬಂತು.

ಅದೇನು ಅಂತಿಂಥ ಕಾರೇ! ಅರವತ್ತೆಂಟರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಎಂಟು ಸಿಲಿಂಡರು. ಸ್ಟೇರಿಂಗು ಎಡಕ್ಕೆ, ಗೇರು ಬಲಗೈಗೆ. ವಕೀಲರ ಮೊಣಕಾಲಿಗೆ ಆ ಗಟ್ಟಿ ಕ್ಲಚ್ಚು ತುಳಿಯುವ ತ್ರಾಣವಿರಲಿಲ್ಲ. ಹಾಗಾಗಿ ದಿನಾ ಅವರನ್ನು ಕೂರಿಸಿಕೊಂಡು ಓಡಿಸುವವನೂ ಕೊಟ್ರೇಶಿಯೇ.

ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಾಕು, ಟಕ್ ಅಂತ ಗೇರು ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು.

"ಗೇರು ತಳ್ಳೋ ಫೋರ್ಕು ಸವೆದಿರುತ್ತೆ, ಉಸ್ತಾದ್. ಮೂರು ಸಲ ಹೊಸದು ಹಾಕಿದೆ. ಈಗ ಬರೋ ಮಾಲೇ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕೊಟ್ರೇಶಿಗೆ ಮೈಯೆಲ್ಲ ಉರಿಯಿತು. ಕಾರಿನ ಜೊತೆ ಬಂದಿದ್ದ, ಮೊದಲು ಕೊಂಡವನು ಏನೇನು ಬೇಕೆಂದು ಗುರುತು ಹಾಕಿದ್ದ ಕಾರ್ಖಾನೆಯ ಹಳೇ ಚೀಟಿ ತಂದು ಮುಂದೆ ಹಿಡಿದ.

"ನೋಡಿ. ಆ ವರ್ಷ ಇದೇ ಎಂಜಿನ್ನಿಗೆ ಆಟೋಮ್ಯಾಟಿಕ್ ಪೆಟ್ಟಿಗೇನೂ ಕೊಡ್ತಿದ್ರು. ತರಿಸಿ ಹಾಕಿಬಿಡೋಣ. ಈ ರಗಳೆಯೇ ಬೇಡ."

"ಕೊಡ್ತಿದ್ರು. ಕೊಂಡವನು ಬೇಡ ಅಂದಿದಾನಲ್ಲ, ಗುರುತು ಹಾಕಿ?"

"ಅವನಿಗೇನು ಗೊತ್ತಿತ್ತು, ನನ್ನ ಹಣೆಬರಹ!"

ಬುಡೇನ್ ಸಾಬರು ನಕ್ಕರು. ಎದ್ದು ಹೋಗಿ ಎದುರಿನ ಅಂಗಡಿಯಿಂದ ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ ತಂದರು. ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮೇಲೆ ಇಟ್ಟರು.

"ದಾವಣಗೆರೆಗೆ ಹೋಗಿ ಬಾ. ಬಲಗೈಯಲ್ಲಿ ತಿನ್ನು. ಗೇರು ಬದಲಿಸುವಾಗ ಬೇಡ, ಮಿಕ್ಕ ಹೊತ್ತೆಲ್ಲ ತಿನ್ನು. ಬರುವಷ್ಟರಲ್ಲಿ ಖಾಲಿ ಆಗಿರಬೇಕು."

ಮುದುಕರಿಗೆ ಅರಳು ಮರಳು ಅಂದುಕೊಳ್ಳುತ್ತಲೇ ಕೊಟ್ರೇಶಿ ಹೋದ. ಒಂದು ಗಂಟೆಯ ಮೇಲೆ ಬಂದ. ದಾರಿಯಲ್ಲಿ ಗೇರು ಎರಡು ಸಲ ಹಾರಿತ್ತು.

ಉಸ್ತಾದರು ಪೊಟ್ಟಣ ಬಿಡಿಸಿದರು. ನಾಲ್ಕು ತುತ್ತು ಖರ್ಚಾಗಿತ್ತು, ಅಷ್ಟೇ.

"ಹಸಿವಿರಲಿಲ್ವೇನೋ?"

"ಇತ್ತು. ಕೈ ಬಿಡುವಾಗಲಿಲ್ಲ."

"ಗೇರು ಎಷ್ಟು ಸಲ ಬದಲಿಸಿದೆ?"

"ಮೂವತ್ತು ಸಲ ಇರಬಹುದು."

"ಮಿಕ್ಕ ಹೊತ್ತು ಕೈ ಎಲ್ಲಿತ್ತು?"

ಕೈ ಎಲ್ಲಿತ್ತು ಅನ್ನೋದು ಕೊಟ್ರೇಶಿಗೆ ಈಗ ಚೆನ್ನಾಗಿ ಗೊತ್ತಿತ್ತು. ಗೇರಿನ ಗುಂಡಿನ ಮೇಲೆ, ಹೋಗುವಾಗಲೂ ಬರುವಾಗಲೂ.

ಪೆಟ್ಟಿಗೆ ಇಳಿಸಿ ಬಿಚ್ಚಿದರು. ಹೊಸ ಫೋರ್ಕು ಒಂದೇ ಪಕ್ಕ ಸವೆದು ತೆಳ್ಳಗಾಗಿತ್ತು. ಆ ಪಕ್ಕವೇ ಅವನ ಕೈಭಾರ ಬೀಳುವ ಪಕ್ಕ.

"ಗೇರು ಕೂತ ಮೇಲೂ ಯಾಕೋ ಹಿಡೀತಿದ್ದೆ?"

"ಜಾರೀತು ಅಂತ ಭಯ, ಉಸ್ತಾದ್."

"ಹಿಡಿದಿದ್ದಕ್ಕೇ ಜಾರ್ತಿದೆ."

ಕೊಟ್ರೇಶಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರು ಸಲ ಪೆಟ್ಟಿಗೆಯನ್ನು ಬೈದಿದ್ದ, ಮಾಲನ್ನು ಬೈದಿದ್ದ, ಕಾಣದ ದೇಶದವರನ್ನೂ ಬೈದಿದ್ದ. ಮತ್ತೊಂದು ಹೊಸ ಫೋರ್ಕು ಕೂರಿಸಿದ. ಮುಚ್ಚಳ ಇಟ್ಟ. ಒಂದೊಂದೇ ಬೋಲ್ಟು ಬಿಗಿದ.

ಅವನು ಸ್ಪ್ಯಾನರ್ ಕೆಳಗಿಡುವ ಮೊದಲೇ ಬುಡೇನ್ ಸಾಬರ ಕೈ ಮುಂದೆ ಬಂತು, ಎಂದಿನಂತೆ. ಮೊದಲನೇ ಬೋಲ್ಟಿಗೆ ಇನ್ನೊಂದು ಕಾಲು ಸುತ್ತು ಕೊಟ್ಟರು.

ಇವತ್ತು ಕೊಟ್ರೇಶಿಗೆ ತಡೆಯಲಾಗಲಿಲ್ಲ.

"ಒಂಬತ್ತು ವರ್ಷ ಆಯ್ತು, ಉಸ್ತಾದ್. ನಾನು ಬಿಗಿದ ಒಂದು ಬೋಲ್ಟನ್ನಾದರೂ ನೀವು ಮುಟ್ಟದೆ ಬಿಟ್ಟಿದ್ದೀರಾ?"

"ಸಡಿಲ ಉಳಿದೀತು ಅಂತ ಕಣೋ…"

ಮಾತು ಅರ್ಧಕ್ಕೇ ನಿಂತಿತು. ಬುಡೇನ್ ಸಾಬರು ತಮ್ಮ ಕೈಯನ್ನೇ ನೋಡಿಕೊಂಡರು.

ಆಮೇಲೆ ಸ್ಪ್ಯಾನರನ್ನು ಶಿಷ್ಯನ ಕಡೆ ಸರಿಸಿ, ಮೇಲೆದ್ದರು. ಉಳಿದ ಬೋಲ್ಟುಗಳ ಕಡೆ ನೋಡಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ನಡೆದರು.

ಕೊಟ್ರೇಶಿಗೆ ದಿಗಿಲಾಯಿತು.

"ಉಸ್ತಾದ್, ಇದೂ ವಾಪಸ್ ಬಂದರೆ?"

"ಬಂದರೆ ನಿನ್ನ ಶೆಡ್ಡಿಗೆ ಬರಲಿ ಬಿಡೋ."